ಪರರ ಹೊಲಕ್ಕೆ ಕೊಡುವ ಮಾತು: ಕಾಳುಗಳ ರಫ್ತು ಮತ್ತು ಸಸ್ಯ ಆರೋಗ್ಯ



ದತ್ತಿ ಉಪನ್ಯಾಸವೆಂದರೆ ವಚನ, ಹರಿದಾಸ ಸಾಹಿತ್ಯ, ಏಕೀಕರಣ ಎಂಬಂಥ ವಿಷಯಗಳಿಗೆ ನಾವು ಒಗ್ಗಿಹೋಗಿದ್ದೇವೆ. ಈ ಬಾರಿ ಕಾಳುಗಳ ವಿಷಯ ಮಾತಾಡಲು ಒಪ್ಪಿಗೆ ಕೊಟ್ಟ ಸಂಘಟಕರಿಗೆ ಮೊದಲು ವಂದನೆ. ಅಹಮದಾಬಾದಿನ ಈ ಕನ್ನಡಿಗರ ಸಭೆಯಲ್ಲಿ ಸಿ.ಜಿ. ರಸ್ತೆ, ಆಶ್ರಮ ರಸ್ತೆಯ ರಫ್ತು ಕಚೇರಿಗಳಲ್ಲಿ ಕಾಗದಪತ್ರ ನೋಡಿಕೊಳ್ಳುವವರಿದ್ದೀರಿ. ಮಗಳು ಟೊರಾಂಟೊದಲ್ಲಿ, ಮಗ ಮೆಲ್ಬರ್ನ್‌ನಲ್ಲಿ ಇದ್ದು, ಹೊರಡುವ ಹಿಂದಿನ ರಾತ್ರಿ ಪೆಟ್ಟಿಗೆಯ ತೂಕ ನೋಡುತ್ತ ಕೂರುವವರೂ ಇದ್ದೀರಿ. ಒಬ್ಬರದು ಕಂಟೇನರ್, ಇನ್ನೊಬ್ಬರದು ಸೂಟ್‌ಕೇಸ್. ಇಬ್ಬರನ್ನೂ ತಡೆದು ನಿಲ್ಲಿಸುವ ಕಾನೂನು ಮಾತ್ರ ಒಂದೇ.

ಆ ಕಾನೂನು ಕೇಳುವ ಕಾಗದ ರಫ್ತಿನವರ ಬಾಯಲ್ಲಿ ‘ಫೈಟೋ’. ಪೂರ್ತಿ ಹೆಸರು ಸಸ್ಯ ಆರೋಗ್ಯ ಪ್ರಮಾಣಪತ್ರ. ಅದು ಯಾರಿಗೆ ಕೊಟ್ಟ ಮಾತು ಎಂಬುದನ್ನು ಮೊದಲು ನೋಡೋಣ. ಆಮೇಲೆ ಒಣಕಾಳು, ಅದರೊಳಗಿನ ಹುಳು ಮತ್ತು ಹುಳುವಿಗೆ ಹಾಕುವ ಹೊಗೆಯ ವಿಚಾರ. ಮೂರನೆಯದಾಗಿ ಹಸಿ ಕಾಯಿ, ಅಂದರೆ ನಮ್ಮ ಅವರೆ ಮತ್ತು ಇಲ್ಲಿಯವರ ಪಾಪಡಿ. ಕೊನೆಗೆ, ಇದೇ ಷರತ್ತುಗಳನ್ನು ಭಾರತ ಇತರರಿಗೆ ಹಾಕಿದಾಗ ಏನಾಯಿತು ಎಂಬುದು. ಸಮಯ ಉಳಿದರೆ ಸೂಟ್‌ಕೇಸಿನ ಮಾತಿಗೂ ಬರುತ್ತೇನೆ.

ಮೊದಲ ವಿಷಯವನ್ನು ಗಿರಣಿಗಳ ಈ ಊರಿನಲ್ಲಿ ಹತ್ತಿಯಿಂದಲೇ ಆರಂಭಿಸುವುದು ಸರಿ. ಮೆಕ್ಸಿಕೊದ ಹತ್ತಿಕಾಯಿ ಮೂತಿಹುಳು 1892ರ ಸುಮಾರಿಗೆ ಟೆಕ್ಸಾಸ್ ಹೊಕ್ಕು, ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿಯನ್ನು ವರ್ಷ ವರ್ಷಕ್ಕೂ ತಿನ್ನುತ್ತ ಮುಂದೆ ಸಾಗಿತು. ಆ ಹುಳು ಬೇಲುಗಳೊಳಗೆ ಕುಳಿತು ಇಲ್ಲಿಗೂ ಬಂದೀತೆಂಬ ಭಯದಿಂದ ಭಾರತ ಸರ್ಕಾರ 1906ರಲ್ಲಿ ಮುಂಬಯಿ ಬಂದರಿಗೆ ಬರುವ ಹತ್ತಿ ಬೇಲುಗಳಿಗೆ ವಿಷಹೊಗೆ ಹಾಕುವುದನ್ನು ಕಡ್ಡಾಯ ಮಾಡಿತು. 1914ರಲ್ಲಿ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆ ಬಂತು. ಗುಜರಾತಿನ ಕರಿಮಣ್ಣಿಗೆ, ನಮ್ಮ ಧಾರವಾಡ ಸೀಮೆಯ ಎರೆಮಣ್ಣಿಗೆ ಆ ಮೂತಿಹುಳು ಇವತ್ತಿನವರೆಗೂ ಕಾಲಿಟ್ಟಿಲ್ಲ. ಯಶಸ್ವಿಯಾದ ತಡೆಯನ್ನು ಯಾರೂ ನೆನೆಯುವುದಿಲ್ಲ. ವಿಫಲವಾದದ್ದರ ಗುರುತಾದರೆ ಎಲ್ಲರಿಗೂ ಗೊತ್ತು. ನಮ್ಮ ಹಳ್ಳಿಗಳಲ್ಲಿ ಕಾಂಗ್ರೆಸ್ ಹುಲ್ಲು ಎನ್ನುವ ಪಾರ್ಥೇನಿಯಂ 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಹೊರಗಿನಿಂದ ತರಿಸಿದ ಧಾನ್ಯದ ಜೊತೆ ಅದರ ಬೀಜ ಬಂತೆಂಬ ನಂಬಿಕೆ ಇಂದಿಗೂ ಬಲವಾಗಿದೆ.

ಹೀಗೆ ಒಂದೊಂದು ದೇಶ ತನ್ನ ಬಾಗಿಲನ್ನು ತಾನೇ ಕಾಯುತ್ತಿದ್ದ ಕಾಲ ಅದು. ದ್ರಾಕ್ಷಿಯ ಬೇರುಹೇನಿನ ಕಾಟಕ್ಕೆ ಯೂರೋಪಿನ ಕೆಲವು ದೇಶಗಳು 1878ರಲ್ಲಿ ಬರ್ನ್ ನಗರದಲ್ಲಿ ಒಪ್ಪಂದ ಮಾಡಿಕೊಂಡದ್ದು ಒಟ್ಟಾಗಿ ಕಾಯುವ ಮೊದಲ ಪ್ರಯತ್ನ. 1951ರಲ್ಲಿ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದವಾಯಿತು. ಮರುವರ್ಷವೇ ಭಾರತ ಸೇರಿತು. ಇಂದು ನಾವು ಪಡೆಯುವ ಫೈಟೋದ ನಮೂನೆ ಈ ಒಪ್ಪಂದದ್ದು. ಅದಕ್ಕೆ ಸಹಿ ಹಾಕುವವರು ಸರ್ಕಾರದ ಅಧಿಕಾರ ಪಡೆದ ಅಧಿಕಾರಿಯೇ ಆಗಿರಬೇಕು. ಎಷ್ಟು ಹೆಸರುವಾಸಿಯಾದ ಖಾಸಗಿ ಪ್ರಯೋಗಾಲಯವಾದರೂ ಆಗದು. ನಮ್ಮಲ್ಲಿ ಈ ವ್ಯವಸ್ಥೆಯ ಮೇಲ್ವಿಚಾರಣೆ ಫರೀದಾಬಾದಿನಲ್ಲಿರುವ ಸಸ್ಯ ಸಂರಕ್ಷಣೆ, ಸಂಗರೋಧ ಮತ್ತು ದಾಸ್ತಾನು ನಿರ್ದೇಶನಾಲಯದ್ದು.

ಆ ಹಾಳೆಯಲ್ಲಿ ಏನು ಬರೆದಿರುತ್ತದೆ? ಸರಕನ್ನು ಪರೀಕ್ಷಿಸಲಾಗಿದೆ, ತರಿಸಿಕೊಳ್ಳುವ ದೇಶ ಹೆಸರಿಸಿದ ನಿಷಿದ್ಧ ಪೀಡೆಗಳು ಇದರಲ್ಲಿ ಇಲ್ಲವೆಂದು ಪರಿಗಣಿಸಲಾಗಿದೆ, ಆ ದೇಶದ ಸಸ್ಯ ಆರೋಗ್ಯದ ಷರತ್ತುಗಳಿಗೆ ಇದು ಒಪ್ಪುತ್ತದೆ. ಇಷ್ಟೇ. ಕಾಳು ರುಚಿಯಾಗಿದೆ, ಬೇಗ ಬೇಯುತ್ತದೆ, ಕೀಟನಾಶಕದ ಶೇಷವಿಲ್ಲ ಎಂದು ಎಲ್ಲಿಯೂ ಇರುವುದಿಲ್ಲ. ಬಸಿಯುವ ಪಾತ್ರೆಯ ಮುಂದೆ ನಿಂತ ಗೃಹಿಣಿಯ ಹೆಸರೂ ಅಲ್ಲಿ ಬರುವುದಿಲ್ಲ. ಹಾಗಾದರೆ ಅದು ಕೊಟ್ಟ ಮಾತು ಆ ದೇಶದ ರೈತನಿಗೆ. ನಾವು ಕಂಡಿಲ್ಲದ ಅವನ ಹೊಲಕ್ಕೆ ನಮ್ಮ ಹುಳು ಹೋಗದು ಎಂಬ ಮಾತು.

ಇದು ಗೊತ್ತಾಗದೆ ನಮ್ಮ ವ್ಯಾಪಾರಿಗಳು ಎರಡು ಬೇರೆ ಬೇರೆ ಬಾಗಿಲುಗಳನ್ನು ಒಂದೇ ಎಂದು ತಿಳಿಯುತ್ತಾರೆ. ‘ಫೈಟೋ ಆಗಿದೆಯಲ್ಲ, ಇನ್ನೇನು ತಕರಾರು?’ ಎನ್ನುವ ಮಾತು ನೀವೂ ಕೇಳಿರುತ್ತೀರಿ. ಸಸ್ಯ ಆರೋಗ್ಯದ ಬಾಗಿಲು ದಾಟಿದ ಮೇಲೂ ಆಹಾರ ಸುರಕ್ಷತೆಯ ಬಾಗಿಲು ಉಳಿದಿರುತ್ತದೆ. ನೈಜೀರಿಯಾದ ಒಣ ಅಲಸಂದೆಯ ಕಥೆ ಇದಕ್ಕೆ ಒಳ್ಳೆಯ ಪಾಠ. 2015ರ ಜೂನ್‌ನಲ್ಲಿ ಯೂರೋಪಿಯನ್ ಒಕ್ಕೂಟ ಆ ದೇಶದ ಒಣಕಾಳಿನ ಆಮದನ್ನೇ ನಿಲ್ಲಿಸಿತು. ಕಾರಣ ಹುಳುವಲ್ಲ, ಡೈಕ್ಲೋರ್ವಾಸ್ ಎಂಬ ಕೀಟನಾಶಕ. ಕಿಲೋಗೆ 0.01 ಮಿಲಿಗ್ರಾಂ ಮಿತಿಯಿದ್ದರೆ, ಸಿಕ್ಕಿದ್ದು 0.03ರಿಂದ 4.6 ಮಿಲಿಗ್ರಾಂವರೆಗೆ. ಡೈಕ್ಲೋರ್ವಾಸ್ ಕಾಳಿಗೆ ಏಕೆ ಬಂತು? ಹುಳು ಹಿಡಿಯದಿರಲೆಂದು ಉಗ್ರಾಣದಲ್ಲಿ ಹೊಡೆದದ್ದರಿಂದ. ಹುಳುವಿಗೆ ಹೆದರಿ ಕೈಗೆ ಸಿಕ್ಕ ವಿಷ ಹಾಕಿದರೆ ಮೊದಲ ಬಾಗಿಲು ತೆರೆಯುತ್ತದೆ, ಎರಡನೆಯದು ಮುಖಕ್ಕೆ ಬಡಿಯುತ್ತದೆ. ನಮ್ಮಲ್ಲೂ ಆ ಔಷಧಿ ಮನೆಮಾತಾಗಿತ್ತು. 2020ರ ಕೊನೆಗೆ ನಿಷೇಧವಾಯಿತು.

ಇನ್ನು ಎರಡನೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹುಳುವನ್ನು ಅರಿಯದೆ ಷರತ್ತು ಅರ್ಥವಾಗುವುದಿಲ್ಲ.

ಒಂದು ಹಿಡಿ ಹೆಸರುಕಾಳನ್ನು ಅಂಗೈಯಲ್ಲಿ ಹರಡಿ, ಬೆಳಕಿಗೆ ಹಿಡಿದು ನೋಡಿ. ಕೆಲವು ಕಾಳುಗಳ ಮೈಮೇಲೆ ಸೂಜಿಮೊನೆಯಷ್ಟು ಬಿಳಿಚುಕ್ಕೆ ಅಂಟಿರುತ್ತದೆ. ಉಗುರಿನಿಂದ ಕೆರೆದರೂ ಸುಲಭಕ್ಕೆ ಬರದು. ಅದು ಕಾಳುದುಂಬಿಯ ಮೊಟ್ಟೆ, ಅಥವಾ ಮೊಟ್ಟೆಯ ಖಾಲಿ ಚಿಪ್ಪು. ಮರಿ ಹೊರಗೆ ಮುಖ ತೋರಿಸುವುದೇ ಇಲ್ಲ. ಮೊಟ್ಟೆ ಅಂಟಿದ ಜಾಗದಿಂದಲೇ ನೇರವಾಗಿ ಕಾಳಿನೊಳಕ್ಕೆ ಕೊರೆದು ಇಳಿಯುತ್ತದೆ. ಒಳಗೇ ತಿಂದು, ಒಳಗೇ ಕೋಶವಾಗಿ, ಹೊರಬರುವ ಹೊತ್ತಿಗೆ ಸಿಪ್ಪೆಯಲ್ಲಿ ದುಂಡಗಿನ ಕಿಟಕಿಯೊಂದನ್ನು ಕತ್ತರಿಸುತ್ತದೆ. ಅಲ್ಲಿಯವರೆಗೆ ಕಾಳು ಹೊರನೋಟಕ್ಕೆ ಗಟ್ಟಿಮುಟ್ಟು. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ದುಂಬಿಯವರೆಗೆ ಸುಮಾರು 4 ವಾರ. ಹೊರಬಂದ ದುಂಬಿ ಕಾಳು ತಿನ್ನುವುದಿಲ್ಲ. ಬದುಕುವುದು ಹೆಚ್ಚೆಂದರೆ ಒಂದೆರಡು ವಾರ. ಅಷ್ಟರಲ್ಲಿ ಒಂದು ಹೆಣ್ಣು 100ರ ಹತ್ತಿರ ಮೊಟ್ಟೆ ಇಡಬಲ್ಲದು.

ಈಗ ಹಡಗಿನ ಲೆಕ್ಕ ಹಾಕಿ. ಗುಜರಾತಿನ ಮುಂದ್ರಾ ಬಂದರಿನಿಂದ ಯೂರೋಪಿನ ಬಂದರಿಗೆ 3–4 ವಾರ. ಇಲ್ಲಿ ಜರಡಿ ಹಿಡಿದು, ಸಾರ್ಟೆಕ್ಸ್ ವಿಂಗಡಣಾ ಯಂತ್ರದಲ್ಲಿ ಹಾಯಿಸಿ, ಫಳಫಳ ಹೊಳೆಯುವಂತೆ ಚೀಲ ತುಂಬಿಸಿದ ಕಾಳಿನೊಳಗೆ ಮರಿ ಇದ್ದರೆ, ಅಲ್ಲಿ ಕಂಟೇನರಿನ ಬಾಗಿಲು ತೆಗೆಯುವ ದಿನಕ್ಕೆ ಸರಿಯಾಗಿ ದುಂಬಿಗಳು ಓಡಾಡುತ್ತಿರುತ್ತವೆ. ಇಲ್ಲಿ ಪರೀಕ್ಷಿಸಿದ ಅಧಿಕಾರಿಯೂ ಸುಳ್ಳು ಬರೆದಿರುವುದಿಲ್ಲ, ಅಲ್ಲಿಯವನೂ ಸುಳ್ಳು ಹೇಳುತ್ತಿರುವುದಿಲ್ಲ. ಈ ದುಂಬಿ ಎಷ್ಟೋ ದೇಶಗಳಲ್ಲಿ ಈಗಾಗಲೇ ಇರುವುದರಿಂದ ಎಲ್ಲ ಕಡೆ ನಿಷಿದ್ಧ ಪೀಡೆಯೇನಲ್ಲ. ಆದರೂ ಜೀವಂತ ಹುಳು ಕಂಡ ಸರಕನ್ನು ಯಾರೂ ಸುಮ್ಮನೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮತ್ತೆ ಹೊಗೆ, ಇಲ್ಲವೇ ವಾಪಸು, ಇಲ್ಲವೇ ನಾಶ. ಮೂರರ ಖರ್ಚೂ ಕಳಿಸಿದವನ ಮೈಮೇಲೆ. ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು: ಈ ದುಂಬಿ ಉಗ್ರಾಣದಲ್ಲಿ ಮಾತ್ರ ಹುಟ್ಟುವುದಲ್ಲ. ಹೊಲದಲ್ಲಿ ಕಾಯಿ ಬಲಿಯುವಾಗಲೇ ಬಂದು ಮೊಟ್ಟೆ ಇಟ್ಟಿರುತ್ತದೆ. ಬಂದರಿನಲ್ಲಿ ಹುಡುಕುತ್ತಿರುವ ಕಳ್ಳ ರೈತನ ಹೊಲದಲ್ಲೇ ಕಾಳಿನ ಜೊತೆ ಸೇರಿಕೊಂಡಿರುತ್ತಾನೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಕುಟ್ಟೆ ಹಿಡಿಯದಿರಲೆಂದು ಬಯಲುಸೀಮೆಯಲ್ಲಿ ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿಡುತ್ತಿದ್ದರು. ಗುಜರಾತಿನವರು ತೊಗರಿಬೇಳೆಗೆ ದಿವೇಲ್, ಅಂದರೆ ಹರಳೆಣ್ಣೆ ಸವರುತ್ತಾರೆ. ದೇಶದ ಹರಳಿನ ಬಹುಪಾಲು ಬೆಳೆಯುವ ರಾಜ್ಯವಲ್ಲವೇ! ಎಣ್ಣೆ ಸವರಿದ ಕಾಳಿನ ಮೇಲೆ ದುಂಬಿ ಮೊಟ್ಟೆ ಇಡಲು ಹಿಂಜರಿಯುತ್ತದೆ. ಇಟ್ಟದ್ದೂ ಉಸಿರುಗಟ್ಟಿ ಸಾಯುತ್ತದೆ. ಎರಡೂ ಜಾಣ ಉಪಾಯಗಳೇ. ಆದರೆ ಸಮುದ್ರ ದಾಟುವಾಗ ಇವುಗಳ ಹಣೆಬರಹ ಬೇರೆಬೇರೆ. ಗುಜರಾತಿನ ವಾಸದ್ ಎಂಬ ಊರಿನ ಬೇಳೆ ಗಿರಣಿಗಳ ಕಡೆ ಮನೆಮಾತಾದ ಎಣ್ಣೆಬೇಳೆ ಇಂದು ವಿದೇಶದ ಭಾರತೀಯ ಅಂಗಡಿಗಳಲ್ಲಿ ‘ಆಯಿಲಿ’ ಎಂಬ ಹಣೆಪಟ್ಟಿ ಹಚ್ಚಿಕೊಂಡು ಕೂತಿದೆ. ಕೆಮ್ಮಣ್ಣಿನ ತೊಗರಿಗೆ ಆ ಭಾಗ್ಯವಿಲ್ಲ. ಸಸ್ಯ ಸಂಗರೋಧದ ಕಣ್ಣಿನಲ್ಲಿ ಮಣ್ಣೆಂದರೆ ರೋಗಾಣು, ದುಂಡುಹುಳು, ಕಳೆಬೀಜಗಳ ಮೂಟೆ. ಹೆಚ್ಚುಕಡಿಮೆ ಎಲ್ಲ ದೇಶಗಳೂ ಅದನ್ನು ಬಾಗಿಲಲ್ಲೇ ತಡೆಯುತ್ತವೆ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ನಮ್ಮ ಕಲಬುರಗಿ ತೊಗರಿ ಹೊರದೇಶಕ್ಕೆ ಹೋಗಬೇಕಾದರೆ ಮಣ್ಣಿನ ಸೋಂಕಿಲ್ಲದೆ ಶುದ್ಧವಾಗಿಯೇ ಹೋಗಬೇಕು.

ಬೇಳೆ ಎಂದಾಗ ಒಂದು ವರ್ಗೀಕರಣ ನೆನಪಿಗೆ ಬರುತ್ತದೆ. 2009ರ ಅಂತರರಾಷ್ಟ್ರೀಯ ಮಾನದಂಡವೊಂದು ಸಸ್ಯೋತ್ಪನ್ನಗಳನ್ನು ಅಪಾಯಕ್ಕೆ ತಕ್ಕಂತೆ ನಾಲ್ಕಾಗಿ ವಿಂಗಡಿಸಿತು. ಪೀಡೆ ಉಳಿಯಲಾರದಷ್ಟು ಸಂಸ್ಕರಿಸಿದ್ದು, ಸಂಸ್ಕರಿಸಿದರೂ ಸ್ವಲ್ಪ ಅಪಾಯ ಉಳಿದದ್ದು, ಸಂಸ್ಕರಿಸದೆ ತಿನ್ನಲೆಂದೇ ಕಳಿಸಿದ್ದು, ಬಿತ್ತಲೆಂದು ಕಳಿಸಿದ್ದು. ಹುರಿಗಡಲೆ ಒಂದು ತುದಿ, ಬಿತ್ತನೆ ಬೀಜ ಇನ್ನೊಂದು ತುದಿ. ಇಡೀ ಕಾಳಿನ ತೊಂದರೆ ಏನೆಂದರೆ, ತಿನ್ನಲೆಂದು ಕಳಿಸಿದ ಹೆಸರುಕಾಳನ್ನು ಅಲ್ಲಿ ಯಾರಾದರೂ ಹಿತ್ತಲಲ್ಲಿ ಬಿತ್ತಿದರೆ ಅದು ಮೊಳೆಯುತ್ತದೆ, ಬೀಜದೊಳಗಿನ ವೈರಸ್ಸೂ ಜೊತೆಗೇ ಮೊಳೆಯುತ್ತದೆ. ಒಡೆದ ಬೇಳೆಗೆ ಆ ಶಕ್ತಿ ಇಲ್ಲ. ಅದೇ ಬೆಳೆ, ಅದೇ ಊರು, ಆದರೂ ಇಡೀ ಕಾಳಿಗೆ ಒಂದು ಷರತ್ತು, ಬೇಳೆಗೆ ಇನ್ನೊಂದು. ಇದನ್ನು ಕಿರುಕುಳ ಎನ್ನುವವರಿದ್ದಾರೆ. ನನಗೆ ಇದರಲ್ಲಿ ತರ್ಕ ಕಾಣುತ್ತದೆ.

ಕಾಳುದುಂಬಿಗಿಂತ ದೊಡ್ಡ ಹೆಸರು ಖಾಪ್ರಾ ದುಂಬಿಯದು. ಅದು ಭಾರತ ಉಪಖಂಡದ್ದೇ ಎಂದು ತಜ್ಞರ ಮತ. ಧಾನ್ಯ, ಕಡಲೆ, ಮಸಾಲೆ, ಯಾವುದೂ ಅದಕ್ಕೆ ವರ್ಜ್ಯವಲ್ಲ. ಅದರ ಮರಿ ಗೋಣಿಯ ಹೊಲಿಗೆಯಲ್ಲಿ, ಕಂಟೇನರಿನ ಮರದ ನೆಲದ ಬಿರುಕಿನಲ್ಲಿ ಮಲಗಿ ಆಹಾರವೇ ಇಲ್ಲದೆ ವರ್ಷಗಟ್ಟಲೆ ಬದುಕಬಲ್ಲದು. 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪತ್ತೆಯಾದ ಈ ಹುಳುವನ್ನು ನಿರ್ಮೂಲ ಮಾಡಲು ಅಮೆರಿಕ 1966ರವರೆಗೆ ಹೆಣಗಿ ಸುಮಾರು 1.1 ಕೋಟಿ ಡಾಲರ್ ಸುರಿಯಿತು. ಆ ನೋವಿನ ನೆನಪು ಅವರ ಕಾನೂನಿನಲ್ಲಿ ಇನ್ನೂ ಹಸಿಯಾಗಿದೆ. ಆಸ್ಟ್ರೇಲಿಯಾದಲ್ಲಿ 2020ರಲ್ಲಿ ರೆಫ್ರಿಜರೇಟರಿನ ಪೆಟ್ಟಿಗೆಯಲ್ಲಿ, ಮಕ್ಕಳ ಕುರ್ಚಿಗಳ ಸರಕಿನಲ್ಲಿ ಖಾಪ್ರಾ ಸಿಕ್ಕಿತು. ಹಿಂದೆಂದೋ ಆ ಕಂಟೇನರಿನಲ್ಲಿ ಧಾನ್ಯ ಹೋಗಿದ್ದರ ಫಲ ಅದಾಗಿರಬಹುದು. ಆದ್ದರಿಂದ ಕಾಳು ಎಷ್ಟು ಸ್ವಚ್ಛವಾಗಿದ್ದರೂ ಸಾಲದು. ಸರಕು ತುಂಬುವ ಮೊದಲು ಖಾಲಿ ಕಂಟೇನರಿನೊಳಕ್ಕೆ ಟಾರ್ಚ್ ಹಿಡಿದು ಹೋಗಿ ಮೂಲೆಮೂಲೆ ನೋಡಬೇಕು. ಕೆಳಗೆ ಇಡುವ ಮರದ ಪ್ಯಾಲೆಟ್ಟಿಗೂ ಷರತ್ತಿದೆ: ಸಾಮಾನ್ಯವಾಗಿ ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿರಬೇಕು, ಗೋಧಿತೆನೆಯ ಮುದ್ರೆ ಬಿದ್ದಿರಬೇಕು. ಕಾಳಿನಲ್ಲಿ ದೋಷವಿಲ್ಲದೆ ಪ್ಯಾಲೆಟ್ಟಿನ ಮುದ್ರೆ ಮಾಸಿದ್ದಕ್ಕೆ ಸರಕು ನಿಲ್ಲುವುದುಂಟು.

ಹೊಗೆಯ ವಿಚಾರ. ಇಂದು ಬಳಕೆಯಲ್ಲಿರುವುದು ಮುಖ್ಯವಾಗಿ ಎರಡು. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವಕ್ಕೆ ಕರಗಿ ಫಾಸ್ಫೀನ್ ಬಿಡುತ್ತದೆ. 3 ಗ್ರಾಂ ಗುಳಿಗೆಯಿಂದ 1 ಗ್ರಾಂ ಅನಿಲ. ಅಗ್ಗ, ಆದರೆ ನಿಧಾನ. ಮೊಟ್ಟೆ ಮತ್ತು ಕೋಶ ಅದಕ್ಕೆ ಸುಲಭಕ್ಕೆ ಮಣಿಯುವುದಿಲ್ಲ. ಆದ್ದರಿಂದ ಪ್ರಮಾಣಕ್ಕಿಂತ ದಿನಗಳ ಲೆಕ್ಕ ಮುಖ್ಯ. ಐದಾರು ದಿನ ಬಿಗಿಯಾಗಿ ಮುಚ್ಚಿಡಬೇಕಾದದ್ದನ್ನು, ಹಡಗು ತಪ್ಪುತ್ತದೆಂಬ ಅವಸರಕ್ಕೆ ಎರಡನೇ ದಿನಕ್ಕೇ ತೆರೆದರೆ ಸತ್ತಿರುವುದು ಹೊರಗಿನ ದುಂಬಿ ಮಾತ್ರ. ಒಳಗಿನದು ಪ್ರಯಾಣ ಮುಂದುವರಿಸುತ್ತದೆ. ಅರೆಬರೆ ಹೊಗೆಗೆ ಒಗ್ಗಿದ ಹುಳುಗಳ ಸಂತತಿ ಹೆಚ್ಚುವುದೂ ಹೀಗೆಯೇ. ಮೀಥೈಲ್ ಬ್ರೋಮೈಡ್ ಒಂದು ದಿನದಲ್ಲಿ ಕೆಲಸ ಮುಗಿಸುತ್ತದೆ. ಆದರೆ ಅದು ಓಝೋನ್ ಪದರಕ್ಕೆ ಶತ್ರು. ಮಾಂಟ್ರಿಯಲ್ ಒಪ್ಪಂದದಂತೆ ಮುಂದುವರಿದ ದೇಶಗಳು 2005ಕ್ಕೆ, ನಮ್ಮಂಥವರು 2015ಕ್ಕೆ ಅದರ ಸಾಮಾನ್ಯ ಬಳಕೆ ನಿಲ್ಲಿಸಬೇಕಾಯಿತು. ಸಂಗರೋಧ ಮತ್ತು ಸಾಗಣೆಪೂರ್ವ ಬಳಕೆಗೆ ಮಾತ್ರ ವಿನಾಯಿತಿ ಉಳಿಯಿತು. ಎರಡನ್ನೂ ಮಾಡಬೇಕಾದವರು ಸರ್ಕಾರದ ಮಾನ್ಯತೆ ಪಡೆದ ಫ್ಯೂಮಿಗೇಶನ್ ಸಂಸ್ಥೆಯವರು. ಅವರ ಪ್ರಮಾಣಪತ್ರ ಫೈಟೋಗೆ ಪೂರಕ, ಬದಲಿಯಲ್ಲ.

ಹಸಿ ಕಾಯಿಯತ್ತ ತಿರುಗೋಣ. ಇಲ್ಲಿ ಬಂದು ನೆಲೆಸಿದ ಕನ್ನಡಿಗರಿಗೆ ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ನೆನಪಾದಾಗ ಸಮಾಧಾನ ಕೊಡುವುದು ಸೂರತಿನ ಪಾಪಡಿ. ಸಸ್ಯಶಾಸ್ತ್ರಕ್ಕೆ ಎರಡೂ ಒಂದೇ, ಲ್ಯಾಬ್‌ಲ್ಯಾಬ್ ಪರ್ಪ್ಯೂರಿಯಸ್. ಬೆಂಗಳೂರಿನ ಅವರೆ ಮೇಳಕ್ಕೂ ಇಲ್ಲಿಯ ಉತ್ತರಾಯಣ ಹಬ್ಬದ ಊಂಧಿಯೂ ಪಲ್ಯಕ್ಕೂ ಬೇಕಾದದ್ದು ಒಂದೇ ಬಳ್ಳಿಯ ಕಾಯಿ. ಅವರೆ ಸುಲಿಯುವಾಗ ಒಂದೆರಡು ಹುಳು ಸಿಗದಿದ್ದರೆ ಕಾಯಿ ಸಾಚಾ ಹೌದೋ ಅಲ್ಲವೋ ಎಂದು ನಮ್ಮವರಿಗೆ ಅನುಮಾನ. ಲಂಡನ್ ವಿಮಾನ ನಿಲ್ದಾಣದ ಪರೀಕ್ಷಕನಿಗೆ ಆ ರಸಿಕತೆ ಇಲ್ಲ.

2013ರಲ್ಲಿ ಭಾರತದಿಂದ ಹೋದ ಹಣ್ಣು-ತರಕಾರಿಗಳ 207 ಸರಕುಗಳಲ್ಲಿ ಯೂರೋಪಿನವರಿಗೆ ಹಣ್ಣುನೊಣದಂಥ ಪೀಡೆಗಳು ಸಿಕ್ಕವು. 2014ರ ಮೇ 1ರಿಂದ ಮಾವು, ಬದನೆ, ಹಾಗಲ, ಪಡವಲ ಮತ್ತು ಕೆಸುವಿಗೆ ಬಾಗಿಲು ಮುಚ್ಚಿತು. ಆಪೂಸಿನ ಗದ್ದಲದಲ್ಲಿ ಉಳಿದವು ಸುದ್ದಿಯೇ ಆಗಲಿಲ್ಲ. ಮಾವಿನ ನಿಷೇಧ 2015ರ ಆರಂಭದಲ್ಲಿ ತೆರವಾಯಿತು. ತರಕಾರಿಗಳು ಇನ್ನೂ ಕಾಯಬೇಕಾಯಿತು. ಅವರೆ-ಪಾಪಡಿ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಆ ಪ್ರಸಂಗದ ಸುಮಾರಿಗೆ, ಯೂರೋಪಿಗೆ ಹೋಗುವ ತರಕಾರಿಯೆಲ್ಲ ಕೃಷಿ ರಫ್ತಿನ ಸರ್ಕಾರಿ ಸಂಸ್ಥೆಯಾದ ಅಪೇಡಾ ಮಾನ್ಯತೆಯ ಪ್ಯಾಕ್‌ಹೌಸ್‌ಗಳ ಮೂಲಕವೇ, ಅಲ್ಲಿಯೇ ಸಂಗರೋಧ ಪರೀಕ್ಷೆ ಮುಗಿಸಿ ಹೋಗಬೇಕೆಂದಾಯಿತು. 2019ರ ಡಿಸೆಂಬರ್ 14ರಿಂದ ಯೂರೋಪಿನ ಹೊಸ ಕಾನೂನು ಬಾಳೆ, ಅನಾನಸ್, ತೆಂಗು, ಖರ್ಜೂರ, ದುರಿಯನ್ ಹೊರತು ಎಲ್ಲ ತಾಜಾ ಹಣ್ಣು-ತರಕಾರಿಗೂ ಫೈಟೋ ಕೇಳುತ್ತದೆ.

ಹಸಿ ಕಾಯಿಗೆ ಕಾಳಿನಂತೆ ದಿನಗಟ್ಟಲೆ ಹೊಗೆ ಹಾಕಿ ಕೂರುವಂತಿಲ್ಲ. ಎರಡು ದಿನಕ್ಕೆ ಬಾಡುತ್ತದೆ. ಇದಕ್ಕೆ ಗುಜರಾತಿನ ಉದ್ಯಮಿಗಳು ಕಂಡುಕೊಂಡ ದಾರಿ ನನಗೆ ಬಹಳ ಮೆಚ್ಚುಗೆ. ಪಾಪಡಿಯ ಲೀಲ್ವಾ (ಹಸಿಕಾಳು), ತುವೇರ ಅಂದರೆ ತೊಗರಿಯ ಲೀಲ್ವಾ ಬಿಡಿಸಿ, ಬಿಸಿನೀರಲ್ಲಿ ಅದ್ದಿ, ಹೆಪ್ಪುಗಟ್ಟಿಸಿ ಪೊಟ್ಟಣ ಕಟ್ಟುತ್ತಾರೆ. ಮೈನಸ್ 18 ಡಿಗ್ರಿಯಲ್ಲಿ ಸಾಗುವ ಆ ಪೊಟ್ಟಣದೊಳಗೆ ಯಾವ ಕಾಯಿಕೊರಕವೂ ಬದುಕುವುದಿಲ್ಲ. ಸಂಗರೋಧದ ತಕರಾರು ಬಹುಮಟ್ಟಿಗೆ ಅಲ್ಲಿಗೇ ಕರಗುತ್ತದೆ. ನಮ್ಮ ಹಿದುಕಿದ ಅವರೆಬೇಳೆ ಇದಕ್ಕೆ ಹೇಳಿ ಮಾಡಿಸಿದಂಥದು. ನೆನೆಸಿ, ಸಿಪ್ಪೆ ಹಿದುಕಿದ ಮೇಲೆ ಹುಳುವಿಗೆ ಅಡಗಲು ಎಡೆಯೇ ಇರುವುದಿಲ್ಲ. ಮಾಗಡಿ, ಕೋಲಾರದ ಕಡೆಯವರು ಯಾರಾದರೂ ಇದನ್ನು ಗುಜರಾತಿನವರಷ್ಟು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಳ್ಳಬೇಕೆಂಬುದು ನನ್ನ ಆಸೆ. ವಿಕಿರಣದ ದಾರಿಯೂ ಇದೆ: ಇಲ್ಲಿಗೆ ಹತ್ತಿರದ ಬಾವಳಾದಲ್ಲಿ, ಅತ್ತ ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಅಮೆರಿಕದ ಒಪ್ಪಿಗೆ ಪಡೆದ ಘಟಕಗಳಿವೆ. ಆದರೆ ಒಪ್ಪಿಗೆ ಬರುವುದು ಬೆಳೆ ಬೆಳೆಗೆ, ದೇಶ ದೇಶಕ್ಕೆ ಪ್ರತ್ಯೇಕವಾಗಿ. ಮಾವಿಗೆ ಸಿಕ್ಕಿತೆಂದು ಅವರೆಗೆ ಸಿಕ್ಕಂತಲ್ಲ.

ನಾಲ್ಕನೆಯ ವಿಷಯ ಸ್ವಲ್ಪ ಮುಜುಗರದ್ದು. ಹೊರಗಿನವರ ಷರತ್ತುಗಳನ್ನು ವ್ಯಾಪಾರದ ಅಡ್ಡಗೋಡೆ ಎಂದು ದೂರುವ ನಾವೇ ಜಗತ್ತಿನಲ್ಲಿ ಅತಿ ಹೆಚ್ಚು ಬೇಳೆಕಾಳು ತರಿಸಿಕೊಳ್ಳುವವರು. 2006ರಿಂದ 2017ರವರೆಗೆ, ಕಾಬೂಲಿ ಕಡಲೆಯಂಥ ಕೆಲವನ್ನು ಬಿಟ್ಟರೆ, ಬೇಳೆಕಾಳಿನ ರಫ್ತನ್ನೇ ನಿಷೇಧಿಸಿದ್ದೆವು. ರಫ್ತಿನ ಕಾಳು ಹೊರಡುವ ಮುಂದ್ರಾದಲ್ಲೇ ಹೊರದೇಶದ ಕಾಳು ಇಳಿಯುತ್ತದೆ. ಅದಕ್ಕೆ ನಮ್ಮ 2003ರ ಸಸ್ಯ ಸಂಗರೋಧ ಆದೇಶ ಹಾಕಿದ ಷರತ್ತು: ಹೊರಡುವ ದೇಶದಲ್ಲೇ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿ ಕಳಿಸಿ. ಕಾಂಡವನ್ನು ಕೊಳೆಸುವ ಡಿಟಿಲೆಂಕಸ್ ಎಂಬ ಸೂಕ್ಷ್ಮ ದುಂಡುಹುಳು ನಮ್ಮ ಹೊಲಗಳಿಗೆ ಬರಬಾರದೆಂಬುದು ಒಂದು ಮುಖ್ಯ ಕಾಳಜಿ. ಬಟಾಣಿ, ಮಸೂರ ಕಳಿಸುವ ಕೆನಡಾ ಉತ್ತರ ಕೊಟ್ಟಿತು: ನಮ್ಮ ಚಳಿಯಲ್ಲಿ ಆ ಹೊಗೆ ಕೆಲಸ ಮಾಡುವುದಿಲ್ಲ, ಆ ಚಳಿಯೇ ನಮ್ಮ ಉಗ್ರಾಣದ ಹುಳುಗಳನ್ನು ಕೊಲ್ಲುತ್ತದೆ, ಓಝೋನ್ ಹಾಳುಮಾಡುವ ಆ ಅನಿಲದ ಬಳಕೆಯನ್ನು ನಾವು ಕೈಬಿಡುತ್ತಿದ್ದೇವೆ. ಸರಿ, ಭಾರತಕ್ಕೆ ಬಂದ ಮೇಲೆ ಹೊಗೆ ಹಾಕೋಣವೆಂದು ವಿನಾಯಿತಿ ಕೊಟ್ಟೆವು. ಹತ್ತು ವರ್ಷಕ್ಕೂ ಮೀರಿ ಅದನ್ನು ಆರಾರು ತಿಂಗಳಿಗೆ, ವರ್ಷಕ್ಕೆ ವಿಸ್ತರಿಸುತ್ತ ಬಂದೆವು. ಪ್ರತಿ ಗಡುವಿಗೂ ಕೆನಡಾದ ರೈತರ ಎದೆ ಡವಗುಟ್ಟುತ್ತಿತ್ತು. ಅಲ್ಲಿಯ ಪತ್ರಿಕೆಗಳು ಭಾರತದ ಷರತ್ತುಗಳ ಬಗ್ಗೆ ಬರೆದ ದೂರುಗಳಲ್ಲಿ ದೇಶದ ಹೆಸರನ್ನು ಮಾತ್ರ ಬದಲಿಸಿದರೆ ನಮ್ಮ ಮಾವಿನ ರಫ್ತುದಾರರ ಮನವಿಪತ್ರವೇ ಆದೀತು!

1995ರಿಂದ ಜಾರಿಯಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದ ಇಂಥ ಷರತ್ತಿಗೆ ವೈಜ್ಞಾನಿಕ ಆಧಾರ ಕೇಳುತ್ತದೆ. ಪರಿಣಾಮ ಒಂದೇ ಆದರೆ ಬೇರೆ ವಿಧಾನವನ್ನೂ ಒಪ್ಪಬೇಕೆನ್ನುತ್ತದೆ. ಕೆನಡಾದ ಚಳಿ ನಮ್ಮ ಹೊಗೆಗೆ ಸಮವೇ ಎಂಬ ಪ್ರಶ್ನೆ ಅಲ್ಲಿಗೆ ಸೇರಿದ್ದು. ನಾವು ಹರಳೆಣ್ಣೆಯನ್ನೋ ಬಿಸಿಯನ್ನೋ ಮುಂದಿಟ್ಟು ವಿನಾಯಿತಿ ಕೇಳುವ ದಿನ, ಕೆನಡಾಕ್ಕೆ ನಾವು ಕೊಟ್ಟ ಉತ್ತರವನ್ನೇ ನಮ್ಮೆದುರು ಓದುತ್ತಾರೆ. ನಮ್ಮ ಅಧಿಕಾರಿಗಳೂ ವ್ಯಾಪಾರಿಗಳೂ ಈ ಎರಡೂ ಕಡತಗಳನ್ನು ಒಂದೇ ಮೇಜಿನ ಮೇಲೆ ತೆರೆದು ಓದಬೇಕೆನ್ನುವುದು ನನ್ನ ಅಭಿಪ್ರಾಯ.

ಸಮಯ ಉಳಿದಿದೆ; ಸೂಟ್‌ಕೇಸಿನ ಮಾತಿಗೆ ಬರುತ್ತೇನೆ. ಖಾಪ್ರಾ ಇರುವ ದೇಶಗಳಿಂದ ಪ್ರಯಾಣಿಕರು ಅಕ್ಕಿ ತರುವುದನ್ನು ಅಮೆರಿಕ 2011ರಲ್ಲಿ ನಿಷೇಧಿಸಿತು. 2014ರ ಕೊನೆಗೆ ಕಡಲೆ, ಸೋಯಾ, ಕುಸುಬೆಗಳೂ ಆ ಪಟ್ಟಿಗೆ ಸೇರಿದವು. ವ್ಯಾಪಾರಿ ಕಂಟೇನರಿನಲ್ಲಿ ಕಡಲೆ ಕಳಿಸಬಹುದು, ಖಾಪ್ರಾ ಇಲ್ಲವೆಂಬ ಹೆಚ್ಚುವರಿ ಹೇಳಿಕೆಯಿರುವ ಫೈಟೋ ಬೇಕು. ಪ್ರಯಾಣಿಕರ ಚೀಲದಲ್ಲಿ ಅದೇ ಕಡಲೆ ಒಂದು ಹಿಡಿಯೂ ಹೋಗಬಾರದು. ಆಸ್ಟ್ರೇಲಿಯಾ ಇನ್ನೂ ಬಿಗಿ. 2020ರ ಅಕ್ಟೋಬರ್‌ನಿಂದ ಹೆಸರು, ಕಡಲೆ, ತೊಗರಿಯಂಥ ಕಾಳುಗಳಷ್ಟೇ ಅಲ್ಲ, ಜೀರಿಗೆ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿಯೂ ಸಾಮಾನಿನಲ್ಲಾಗಲಿ ಅಂಚೆಯಲ್ಲಾಗಲಿ ಬರುವಂತಿಲ್ಲ. ಕಾರ್ಖಾನೆಯಲ್ಲಿ ಹುರಿದು, ಬೇಯಿಸಿ ಪ್ಯಾಕ್ ಮಾಡಿದ್ದಕ್ಕೆ ನಿಯಮ ಬೇರೆ. ಮನೆಯ ಸಾರಿನಪುಡಿಯ ಡಬ್ಬಿ ಒಯ್ಯುವವರು ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ‘ಆಹಾರ ಪದಾರ್ಥ ಇದೆ’ ಎಂಬಲ್ಲಿ ಗುರುತು ಹಾಕಿ. ಹೇಳಿ ಕಳೆದುಕೊಂಡರೆ ಪುಡಿ ಮಾತ್ರ ಹೋಗುತ್ತದೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಬೀಳುತ್ತದೆ. ಯಾವ ದೇಶಕ್ಕೆ ಯಾವುದು ಸಲ್ಲುತ್ತದೆ ಎಂಬ ಪ್ರಶ್ನೆಗಳಿದ್ದರೆ ಈಗ ಕೇಳಿ. ಸಭೆ ಮುಗಿದ ಮೇಲೆ ಕಾಫಿ ಹೊತ್ತಿನಲ್ಲೂ ಇಲ್ಲೇ ಇರುತ್ತೇನೆ.